ಕ್ಲಚ್ ಬಿಡಲೊಲ್ಲದ ಎಡಗಾಲು: ಮ್ಯಾನುಯಲ್ ಗೇರ್ ಮೋಹವೇಕೆ?

ಬೆಂಗಳೂರು: ಹೊಸ ಕಾರು ಕೊಳ್ಳಲು ಹೊರಟ ಮನೆಗಳಲ್ಲಿ ಈಗ ಬಣ್ಣಕ್ಕಿಂತಲೂ ಹೆಚ್ಚು ಚರ್ಚೆಯಾಗುವ ವಿಷಯವೊಂದಿದೆ. ಮ್ಯಾನುಯಲ್ ಗೇರ್ ಬೇಕೋ, ಆಟೊಮ್ಯಾಟಿಕ್ ಸಾಕೋ? ಸುಮಾರು ಹತ್ತು ವರ್ಷಗಳ ಹಿಂದೆ ಮಧ್ಯಮ ವರ್ಗದ ಕೊಳ್ಳುಗರಿಗೆ ಈ ಪ್ರಶ್ನೆ ಎದುರಾಗುತ್ತಿದ್ದುದೇ ಅಪರೂಪ. ಆಟೊಮ್ಯಾಟಿಕ್ ಎಂದರೆ ದುಬಾರಿ, ಪೆಟ್ರೋಲು ಕುಡಿಯುವ ಗಾಡಿ ಎಂಬ ಭಾವನೆ ಬೇರೂರಿತ್ತು. 2014ರ ಫೆಬ್ರುವರಿಯಲ್ಲಿ ಮಾರುತಿ ಸುಜುಕಿ ಕಂಪನಿಯು ಸೆಲೆರಿಯೊ ಎಂಬ ಸಣ್ಣ ಕಾರನ್ನು ಎಎಂಟಿ ತಂತ್ರಜ್ಞಾನದೊಂದಿಗೆ ಮಾರುಕಟ್ಟೆಗೆ ತಂದ ನಂತರ ಚಿತ್ರ ಬದಲಾಯಿತು. ಕ್ಲಚ್ ತುಳಿಯಬೇಕಿಲ್ಲದ ಕಾರು ಸಾಮಾನ್ಯರ ಕೈಗೆಟುಕಿತು.

ನಗರವಾಸಿಗಳಿಗೆ ಇದು ವರದಾನವೇ ಆಯಿತು. 2019ನೇ ಸಾಲಿನ ಟಾಮ್‌ಟಾಮ್ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರು ಶೇ 71ರಷ್ಟು ದಟ್ಟಣೆಯೊಂದಿಗೆ ವಿಶ್ವದಲ್ಲೇ ಮೊದಲ ಸ್ಥಾನ 'ಗಳಿಸಿ'ತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಹತ್ತಾರು ಬಾರಿ ಕ್ಲಚ್ ಒತ್ತಿ ಬಿಡುವ ಎಡ ಮಂಡಿಯ ಪಾಡು ಅನುಭವಿಸಿದವರಿಗೇ ಗೊತ್ತು. ಎಡಗಾಲಿನ ತೊಂದರೆ ಇರುವವರಿಗೆ, ಮಂಡಿನೋವಿನ ಹಿರಿಯರಿಗೆ ಸ್ಟೀರಿಂಗ್ ಹಿಡಿಯುವ ಸ್ವಾತಂತ್ರ್ಯ ಮರಳಿ ಸಿಕ್ಕಿದ್ದೂ ಆಟೊಮ್ಯಾಟಿಕ್‌ನಿಂದಲೇ.

ಇಷ್ಟಾದರೂ ಒಂದು ವರ್ಗದ ಚಾಲಕರು ಗೇರ್ ಕಡ್ಡಿ ಬಿಟ್ಟುಕೊಡಲು ಒಪ್ಪುತ್ತಿಲ್ಲ. ಹಣವಿಲ್ಲದವರಷ್ಟೇ ಅಲ್ಲ, ಹಣವಿದ್ದವರೂ ಆ ಸಾಲಿನಲ್ಲಿದ್ದಾರೆ. ಇದನ್ನು ಬರೀ ಹಟವೆಂದು ತಳ್ಳಿಹಾಕುವಂತಿಲ್ಲ.

<b>ಗೇರ್ ಮಾಡುವ ಕೆಲಸ</b>

ಎಂಜಿನ್ ಎಲ್ಲ ವೇಗದಲ್ಲೂ ಒಂದೇ ಬಲ ಕೊಡುವ ಯಂತ್ರವಲ್ಲ. ನಿಮಿಷಕ್ಕೆ ಸುಮಾರು 800 ಸುತ್ತಿಗಿಂತ ಕೆಳಗಿಳಿದರೆ ಅದು ಏದುಸಿರು ಬಿಟ್ಟು ನಿಂತೇಬಿಡುತ್ತದೆ. ನಿರ್ದಿಷ್ಟ ಸುತ್ತುಗಳ ನಡುವೆ ಮಾತ್ರ ಅದರ ಎಳೆಯುವ ಶಕ್ತಿ ಚೆನ್ನಾಗಿರುತ್ತದೆ. ಚಕ್ರದ ವೇಗಕ್ಕೂ ಎಂಜಿನ್ನಿನ ವೇಗಕ್ಕೂ ಹೊಂದಾಣಿಕೆ ಮಾಡುವುದೇ ಗೇರ್‌ಪೆಟ್ಟಿಗೆಯ ಕೆಲಸ. ಒಂದನೇ ಗೇರಿನಲ್ಲಿ ಬಲ ಹೆಚ್ಚು, ವೇಗ ಕಡಿಮೆ. ಐದನೆಯದರಲ್ಲಿ ಇದಕ್ಕೆ ತದ್ವಿರುದ್ಧ. ಗೇರ್ ಬದಲಿಸುವಾಗ ಎಂಜಿನ್ನನ್ನೂ ಚಕ್ರವನ್ನೂ ಕ್ಷಣಕಾಲ ಬೇರ್ಪಡಿಸುವುದು ಕ್ಲಚ್.

ಈ ನಿರ್ಧಾರವನ್ನು ಮನುಷ್ಯನಿಂದ ಕಿತ್ತು ಯಂತ್ರಕ್ಕೆ ಒಪ್ಪಿಸುವ ಯತ್ನ ಹೊಸದೇನಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 'ಹೈಡ್ರಾ-ಮ್ಯಾಟಿಕ್' ಹೆಸರಿನ ಸ್ವಯಂಚಾಲಿತ ಗೇರ್ ವ್ಯವಸ್ಥೆಯನ್ನು 1939ರಲ್ಲೇ ಪ್ರಕಟಿಸಿತ್ತು. ಅಲ್ಲಿ ಇಂದು ಮ್ಯಾನುಯಲ್ ಕಾರು ಹುಡುಕಿದರೂ ಸಿಗುವುದು ಕಷ್ಟ. ನಮ್ಮಲ್ಲಿ ಆಟೊಮ್ಯಾಟಿಕ್ ಎಂದು ಮಾರಾಟವಾಗುವುದರಲ್ಲಿ ನಾಲ್ಕು ಬಗೆಗಳಿವೆ. ಎಣ್ಣೆಯ ಹರಿವಿನ ಮೂಲಕ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್, ಬೆಲ್ಟ್ ಹಾಗೂ ಪುಲ್ಲಿಯ ಸಿವಿಟಿ, ಎರಡು ಕ್ಲಚ್‌ಗಳ ಡಿಸಿಟಿ, ಕೊನೆಯದಾಗಿ ಎಎಂಟಿ.

ಎಎಂಟಿ ಬೇರೆಯೇ ಗೇರ್‌ಪೆಟ್ಟಿಗೆಯಲ್ಲ. ಹಳೆಯ ಮ್ಯಾನುಯಲ್ ಪೆಟ್ಟಿಗೆಯೇ ಅದು. ಚಾಲಕನ ಎಡಗೈ, ಎಡಗಾಲಿನ ಕೆಲಸವನ್ನು ಕಂಪ್ಯೂಟರ್ ಆದೇಶದಂತೆ ಪುಟ್ಟ ಯಂತ್ರಗಳು ಮಾಡುತ್ತವೆ, ಅಷ್ಟೇ. ಬೆಲೆ ಕಡಿಮೆಯಾಗಲು ಕಾರಣವೂ ಇದೇ, ಗೇರ್ ಬದಲಾಗುವಾಗ ಕಾರು ಒಮ್ಮೆ ತಲೆದೂಗಿದಂತೆ ಭಾಸವಾಗುವುದಕ್ಕೆ ಕಾರಣವೂ ಇದೇ. 'ಆಟೊಮ್ಯಾಟಿಕ್ ಓಡಿಸಿ ನೋಡಿದೆ, ಹಿಡಿಸಲಿಲ್ಲ' ಎನ್ನುವವರಲ್ಲಿ ಅನೇಕರು ಓಡಿಸಿದ್ದು ಎಎಂಟಿಯನ್ನು. ಒಳ್ಳೆಯ ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಕುಳಿತಿದ್ದರೆ ಅವರ ಅಭಿಪ್ರಾಯ ಬೇರೆಯಿರುತ್ತಿತ್ತೇನೋ.

<b>ಘಾಟಿಯಲ್ಲಿ ಪರೀಕ್ಷೆ</b>

ಮ್ಯಾನುಯಲ್ ಪ್ರಿಯರ ವಾದಕ್ಕೆ ನಿಜವಾದ ತೂಕ ಬರುವುದು ಪಶ್ಚಿಮಘಟ್ಟದ ರಸ್ತೆಗಳಲ್ಲಿ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನೇ ತೆಗೆದುಕೊಳ್ಳಿ. ಸೋಮೇಶ್ವರದ ಕಡೆಯಿಂದ ಏರುವ ಚಾಲಕನಿಗೆ ಮುಂದಿನ ತಿರುವು ಕಣ್ಣಿಗೆ ಕಾಣುತ್ತದೆ. ಎದುರಿನಿಂದ ಇಳಿಯುತ್ತಿರುವ ಬಸ್ಸೂ ಕಾಣುತ್ತದೆ. ತಿರುವು ಬರುವ ಮೊದಲೇ ಆತ ಎರಡನೇ ಗೇರಿಗೆ ಇಳಿದಿರುತ್ತಾನೆ. ಗಾಡಿ ತಿರುಗಿದೊಡನೆ ಎಳೆಯಲು ಎಂಜಿನ್ ಸಜ್ಜಾಗಿರುತ್ತದೆ.

ಸಾಮಾನ್ಯ ಆಟೊಮ್ಯಾಟಿಕ್ ಗೇರಿಗೆ ರಸ್ತೆ ಕಾಣುವುದಿಲ್ಲ. ಅದಕ್ಕೆ ತಿಳಿಯುವುದು ಆಕ್ಸಿಲರೇಟರ್ ಎಷ್ಟು ಒತ್ತಲಾಗಿದೆ, ವೇಗವೆಷ್ಟು, ಎಂಜಿನ್ ಮೇಲಿನ ಭಾರವೆಷ್ಟು ಎಂಬುದು ಮಾತ್ರ. ತಿರುವಿನಲ್ಲಿ ವೇಗ ಕುಸಿದು, ಚಾಲಕ ಆಕ್ಸಿಲರೇಟರ್ ಒತ್ತಿದ ಮೇಲೆಯೇ ಅದು 'ಓಹೋ, ಕೆಳಗಿನ ಗೇರ್ ಬೇಕು' ಎಂದು ತೀರ್ಮಾನಿಸುತ್ತದೆ. ಆ ಅರೆಕ್ಷಣದ ವಿಳಂಬ ನಗರದಲ್ಲಿ ಲೆಕ್ಕಕ್ಕಿಲ್ಲ. ಏರಿನಲ್ಲಿ ಲಾರಿಯೊಂದನ್ನು ಹಿಂದಿಕ್ಕುವಾಗ ಅದೇ ವಿಳಂಬ ಎದೆ ನಡುಗಿಸುತ್ತದೆ. ಕೆಲವು ಎಎಂಟಿ ಕಾರುಗಳು ಏರಿನಲ್ಲಿ ಎರಡನೆಯದೋ ಮೂರನೆಯದೋ ಎಂದು ತಿಳಿಯದೆ ಪದೇ ಪದೇ ಗೇರ್ ಬದಲಿಸುವುದೂ ಉಂಟು.

ಇದು ಕಾರು ತಯಾರಕರಿಗೆ ತಿಳಿಯದ ಸಂಗತಿಯಲ್ಲ. ರೋಲ್ಸ್ ರಾಯ್ಸ್ ಕಂಪನಿಯು 2013ರಲ್ಲಿ ತನ್ನ 'ರೇಥ್' ಕಾರಿಗೆ ಉಪಗ್ರಹ ನೆರವಿನ ಗೇರ್ ವ್ಯವಸ್ಥೆ ಅಳವಡಿಸಿತು. ಮುಂದೆ ತಿರುವಿದೆಯೇ ಎಂಬುದನ್ನು ಜಿಪಿಎಸ್ ಮಾಹಿತಿಯಿಂದ ತಿಳಿದು ಗೇರನ್ನು ಮೊದಲೇ ಆರಿಸಿಕೊಳ್ಳುವ ಏರ್ಪಾಡು ಅದು. ನಮ್ಮ ಮಲೆನಾಡಿನ ಜೀಪು ಚಾಲಕ ಬೀಡಿ ಸೇದುತ್ತಲೇ ಮಾಡುವ ಕೆಲಸವನ್ನು ಯಂತ್ರಕ್ಕೆ ಕಲಿಸಲು ಉಪಗ್ರಹವೇ ಬೇಕಾಯಿತು!

ಏರುವುದಕ್ಕಿಂತ ಇಳಿಯುವುದು ಹೆಚ್ಚು ಅಪಾಯಕಾರಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬುದು ಹಳೆಯ ಚಾಲಕರ ನಿಯಮ. ಕೆಳಗಿನ ಗೇರಿನಲ್ಲಿದ್ದಾಗ ಎಂಜಿನ್ನೇ ಚಕ್ರವನ್ನು ಹಿಡಿದು ಎಳೆಯುತ್ತದೆ. ಇದೇ ಎಂಜಿನ್ ಬ್ರೇಕಿಂಗ್. ಇದನ್ನು ಬಿಟ್ಟು ಕೊಟ್ಟಿಗೆಹಾರದಿಂದ ಚಾರ್ಮಾಡಿಯವರೆಗೆ ಬರೀ ಬ್ರೇಕ್ ಒತ್ತುತ್ತಲೇ ಇಳಿದರೆ ಡಿಸ್ಕ್‌ಗಳು ಕಾದು, ಬ್ರೇಕ್ ಎಣ್ಣೆ ಕುದಿಯುವ ಹಂತ ತಲುಪಬಹುದು. ಆಗ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲದು.

ಆಟೊಮ್ಯಾಟಿಕ್ ಕಾರನ್ನು 'ಡಿ' ಸ್ಥಾನದಲ್ಲೇ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಅನೇಕ ಮಾದರಿಗಳಲ್ಲಿ ಯಂತ್ರ ಇಂಧನ ಉಳಿಸುವ ಆತುರದಲ್ಲಿ ಮೇಲಿನ ಗೇರಿಗೆ ಜಾರುತ್ತದೆ. ಎಂಜಿನ್ನಿನ ಹಿಡಿತ ಸಡಿಲವಾಗುತ್ತದೆ. ಇಲ್ಲಿ ದೋಷ ಪೂರ್ತಿ ಯಂತ್ರದ್ದಲ್ಲ. ಬಹುತೇಕ ಎಎಂಟಿ ಕಾರುಗಳಲ್ಲಿ 'ಎಂ' ಸ್ಥಾನವಿದೆ, ಸಿವಿಟಿಯ ಹಲವು ಮಾದರಿಗಳಲ್ಲಿ 'ಎಲ್' ಇದೆ. ಅದಕ್ಕೆ ಬದಲಿಸಿ ಇಳಿದರೆ ಎಂಜಿನ್ ಬ್ರೇಕಿಂಗ್ ದೊರೆಯುತ್ತದೆ. ಆದರೆ ಶೋರೂಮಿನಿಂದ ಹೊರಬಂದ ದಿನದಿಂದ ಆ ಅಕ್ಷರಗಳನ್ನು ಮುಟ್ಟದವರೇ ಹೆಚ್ಚು. ಇಳಿಜಾರಿನಲ್ಲಿ ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ ಮಾಡುವ ಮ್ಯಾನುಯಲ್ ಚಾಲಕರೂ ಇದ್ದಾರೆ. ಅದಂತೂ ಎರಡು ಪಟ್ಟು ತಪ್ಪು. ಇಂದಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ; ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರಲು ಇಂಧನ ಬೇಕೇಬೇಕು.

<b>ಗ್ಯಾರೇಜಿನ ಲೆಕ್ಕ</b>

ಹಣದ ವಿಚಾರಕ್ಕೆ ಬಂದರೆ, ಒಂದೇ ಮಾದರಿಯ ಎಎಂಟಿ ಕಾರಿಗೆ ಮ್ಯಾನುಯಲ್‌ಗಿಂತ ಸುಮಾರು 50 ಸಾವಿರ ರೂಪಾಯಿ ಹೆಚ್ಚು ತೆರಬೇಕು. ಉಳಿದ ಬಗೆಗಳಲ್ಲಿ ವ್ಯತ್ಯಾಸ ಲಕ್ಷ ದಾಟುವುದು ಸಾಮಾನ್ಯ. ಮೈಲೇಜಿನ ದೂರು ಮಾತ್ರ ಹಳತಾಯಿತು. ಎಎಂಟಿ ಕಾರುಗಳು ಮ್ಯಾನುಯಲ್‌ಗೆ ಹೆಚ್ಚುಕಡಿಮೆ ಸಮನಾಗಿ ಓಡುತ್ತವೆ.

ರಿಪೇರಿಯ ಭಯ ಅಷ್ಟು ಸುಲಭಕ್ಕೆ ಹೋಗುವಂಥದಲ್ಲ. ಕ್ಲಚ್ ಪ್ಲೇಟ್ ಸವೆದರೆ ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲೂ ಬದಲಿಸಬಲ್ಲ ಮೆಕ್ಯಾನಿಕ್ ಸಿಗುತ್ತಾನೆ. ಸಿವಿಟಿ ಅಥವಾ ಡಿಸಿಟಿ ಪೆಟ್ಟಿಗೆ ಕೈಕೊಟ್ಟರೆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರವೇ ಗತಿ. ಬ್ಯಾಟರಿ ಸತ್ತ ಮ್ಯಾನುಯಲ್ ಕಾರನ್ನು ನಾಲ್ಕು ಜನ ತಳ್ಳಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಚಾಲೂ ಮಾಡಬಹುದು. ಆಟೊಮ್ಯಾಟಿಕ್‌ನಲ್ಲಿ ಈ ಉಪಾಯ ನಡೆಯದು. ಹಗ್ಗ ಕಟ್ಟಿ ದೂರ ಎಳೆದೊಯ್ದರೆ ಗೇರ್‌ಪೆಟ್ಟಿಗೆಗೇ ಹಾನಿಯಾಗುವ ಸಂಭವವಿದೆ. ಹಾಗೆಂದು ಮ್ಯಾನುಯಲ್ ಖರ್ಚಿಲ್ಲದ ಗಾಡಿಯೇನಲ್ಲ. ದಿನವಿಡೀ ಹಾಫ್ ಕ್ಲಚ್‌ನಲ್ಲೇ ತೆವಳುವ ಬೆಂಗಳೂರಿನ ಕಾರಿಗೆ ಕ್ಲಚ್ ಪ್ಲೇಟಿನ ಖರ್ಚು ಬೇಗನೇ ಬರುತ್ತದೆ.

<b>ಸ್ಕೂಟರಿಗೆ ಬೇಡವಾದ ಗೇರ್</b>

ಗಮನಿಸಬೇಕಾದ ವಿಚಿತ್ರವೊಂದಿದೆ. ಇದೇ ಜನ ಸ್ಕೂಟರಿನ ಗೇರನ್ನು ಸುಲಭವಾಗಿ ಮರೆತುಬಿಟ್ಟರು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಗೇರಿಲ್ಲದ ಸ್ಕೂಟರಿನ ರುಚಿ ಹತ್ತಿಸಿತು. ಎಡಗೈ ತಿರುವಿ ಗೇರ್ ಹಾಕುತ್ತಿದ್ದ ಬಜಾಜ್ ಚೇತಕ್ ಕಾಲಕ್ರಮೇಣ ಹಿಂದೆ ಸರಿಯಿತು. 2020ರಲ್ಲಿ ಆ ಹೆಸರು ಮರಳಿದ್ದು ವಿದ್ಯುತ್ ಸ್ಕೂಟರಾಗಿ, ಗೇರಿಲ್ಲದೆ. ಇಂದು ಗೇರಿನ ಸ್ಕೂಟರ್ ಬೇಕೆಂದು ಶೋರೂಮಿನಲ್ಲಿ ಕೇಳುವವರಿಲ್ಲ.

ಸ್ಕೂಟರ್ ಪೇಟೆಗೆ, ಕಾರು ಪರವೂರಿಗೆ ಎಂಬ ವ್ಯತ್ಯಾಸ ಇದಕ್ಕೊಂದು ಕಾರಣವಿರಬಹುದು. ಅದಕ್ಕಿಂತ ದೊಡ್ಡ ಕಾರಣ ಚಾಲನೆಯ ಹೆಮ್ಮೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕದಲ್ಲೇ ಇದ್ದ ಗೇರ್ ಕಡ್ಡಿಯನ್ನು ಪಳಗಿಸಿದವರಿಗೆ ಅದು ವಿದ್ಯೆಯೇ ಆಗಿತ್ತು. ಹಳೆಯ ಲಾರಿಗಳಲ್ಲಿ ಕ್ಲಚ್ಚನ್ನು ಎರಡೆರಡು ಬಾರಿ ಒತ್ತಿ, ಶಬ್ದ ಬಾರದಂತೆ ಗೇರ್ ಹಾಕುವುದನ್ನು ಕ್ಲೀನರ್ ಹುಡುಗರು ಚಾಲಕರ ಪಕ್ಕ ಕುಳಿತು ವರ್ಷಗಟ್ಟಲೆ ನೋಡಿ ಕಲಿಯುತ್ತಿದ್ದರು. ಕಷ್ಟಪಟ್ಟು ಕಲಿತ ವಿದ್ಯೆಯನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ.

ಈ ಹೆಮ್ಮೆ ಬಡ ದೇಶದ್ದೂ ಅಲ್ಲ, ಹಳಬರದ್ದೂ ಅಲ್ಲ. ಜರ್ಮನಿಯ ಪೋರ್ಷೆ ಕಂಪನಿಯು 2013ರಲ್ಲಿ ತನ್ನ 911 ಜಿಟಿ3 ಕಾರನ್ನು ಆಟೊಮ್ಯಾಟಿಕ್‌ನಲ್ಲಿ ಮಾತ್ರ ಹೊರತಂದಿತು. ಆ ಗೇರ್ ಮನುಷ್ಯನ ಕೈಗಿಂತ ವೇಗವಾಗಿ ಬದಲಾಗುತ್ತಿತ್ತು. ಅಭಿಮಾನಿಗಳ ಅಸಮಾಧಾನ ಶಮನವಾಗಲಿಲ್ಲ. 2017ರಲ್ಲಿ ಕಂಪನಿ ಅದೇ ಕಾರಿಗೆ ಮ್ಯಾನುಯಲ್ ಆಯ್ಕೆಯನ್ನು ಮರಳಿ ಕೊಟ್ಟಿತು. ನಿಧಾನವಾದರೂ ಸರಿ, ಗೇರ್ ತಾವೇ ಹಾಕಬೇಕು ಎಂದು ಅವರು ಬಯಸಿದ್ದರು. ಭಾರತದಲ್ಲಿ ಹ್ಯುಂಡೈ 2020ರಲ್ಲಿ ವೆನ್ಯೂ ಕಾರಿಗೆ ತಂದ 'ಐಎಂಟಿ' ಕೂಡ ಇಂಥದೇ ಊಹೆಯ ಫಲ. ಅದರಲ್ಲಿ ಕ್ಲಚ್ ಪೆಡಲ್ ಇಲ್ಲ, ಗೇರ್ ಕಡ್ಡಿ ಮಾತ್ರ ಚಾಲಕನ ಕೈಯಲ್ಲೇ ಇದೆ.

<b>ಪರವಾನಗಿಯಲ್ಲಿ ಇಲ್ಲದ ಭೇದ</b>

ಸುರಕ್ಷತೆಯ ಮಾತು ಬಂದಾಗ ಎರಡೂ ಕಡೆಯವರು ಎಚ್ಚರದಿಂದಿರಬೇಕು. ಆಟೊಮ್ಯಾಟಿಕ್ ಕಾರು 'ಡಿ'ಯಲ್ಲಿ ಬ್ರೇಕ್ ಬಿಟ್ಟೊಡನೆ ತಾನೇ ತೆವಳತೊಡಗುತ್ತದೆ. ಗಾಬರಿಯಲ್ಲಿ ಬ್ರೇಕ್ ಎಂದು ಆಕ್ಸಿಲರೇಟರ್ ತುಳಿದರೆ ತಡೆಯುವವರಿಲ್ಲ. 2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ ವೃದ್ಧರೊಬ್ಬರು ಓಡಿಸುತ್ತಿದ್ದ ಕಾರು ಡಿಕ್ಕಿ ಹೊಡೆದು ತಾಯಿ ಮತ್ತು ಪುಟ್ಟ ಮಗಳು ಮೃತಪಟ್ಟರು. ಪೆಡಲ್ ಅದಲುಬದಲಾದದ್ದೇ ಕಾರಣವೆಂದು ನ್ಯಾಯಾಲಯ ತೀರ್ಮಾನಿಸಿತು. ಮ್ಯಾನುಯಲ್ ಕಾರನ್ನು ನಿಲ್ಲಿಸುವಾಗ ಕ್ಲಚ್ ಒತ್ತಿರುವುದರಿಂದ ಇಂಥ ಎಡವಟ್ಟಿನಲ್ಲಿ ಎಂಜಿನ್ ಅಬ್ಬರಿಸಿದರೂ ಗಾಡಿ ನುಗ್ಗುವುದಿಲ್ಲ. ಇನ್ನೊಂದೆಡೆ, ಏರಿನಲ್ಲಿ ಕ್ಲಚ್ ಬಿಡಲು ತಿಳಿಯದೆ ಹಿಂದಕ್ಕೆ ಜಾರಿ ಡಿಕ್ಕಿ ಹೊಡೆಯುವುದು ಮ್ಯಾನುಯಲ್ ಕಲಿಕೆದಾರರದೇ ಪಾಡು.

ನಮ್ಮ ಕಾನೂನು ಈ ವಿಷಯದಲ್ಲಿ ಅರ್ಧ ಮಾತ್ರ ಕಣ್ಣು ತೆರೆದಿದೆ. 1988ರ ಮೋಟಾರು ವಾಹನ ಕಾಯ್ದೆಯು ದ್ವಿಚಕ್ರ ವಾಹನದಲ್ಲಿ ಗೇರ್ ಇರುವುದು, ಇಲ್ಲದ್ದು ಎಂದು ಪರವಾನಗಿಯನ್ನು ಬೇರ್ಪಡಿಸುತ್ತದೆ. ಕಾರಿಗೆ ಬಂದರೆ ಲಘು ಮೋಟಾರು ವಾಹನ ಎಂಬ ಒಂದೇ ವರ್ಗ. ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್‌ನಲ್ಲಿ ಪರೀಕ್ಷೆ ಪಾಸಾದವರು ಮ್ಯಾನುಯಲ್ ಓಡಿಸಬೇಕೆಂದರೆ ಮತ್ತೊಂದು ಪರೀಕ್ಷೆ ಕೊಡಬೇಕು. ಇಲ್ಲಿ ಆಟೊಮ್ಯಾಟಿಕ್‌ನಲ್ಲೇ ಕಲಿತು ಪರವಾನಗಿ ಪಡೆದವರು ಮರುದಿನವೇ ಸ್ನೇಹಿತರ ಮ್ಯಾನುಯಲ್ ಕಾರಿನಲ್ಲಿ ಶಿರಾಡಿ ಘಾಟಿ ಇಳಿಯಲು ಕಾನೂನಿನ ಅಡ್ಡಿಯಿಲ್ಲ. ಇದು ಸರಿಯಾದ ವ್ಯವಸ್ಥೆಯಲ್ಲ.

<b>ಗೇರೇ ಇಲ್ಲದ ಕಾರು</b>

ವಿದ್ಯುತ್ ಕಾರುಗಳ ಮುಂದೆ ಈ ಇಡೀ ಚರ್ಚೆ ಅರ್ಥ ಕಳೆದುಕೊಳ್ಳುತ್ತದೆ. ವಿದ್ಯುತ್ ಮೋಟಾರು ಶೂನ್ಯ ವೇಗದಿಂದಲೇ ಪೂರ್ಣ ಬಲ ಕೊಡುವುದರಿಂದ ಅದಕ್ಕೆ ಕ್ಲಚ್ಚೂ ಬೇಡ, ಐದಾರು ಗೇರೂ ಬೇಡ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ರಸ್ತೆಗಿಳಿದ ರೇವಾ ಕಾರಿನಲ್ಲೂ ಕ್ಲಚ್ ಇರಲಿಲ್ಲ. ಗೇರಿನ ಗೀಳು ಎಷ್ಟರದೆಂದರೆ, ಹ್ಯುಂಡೈ 2023ರಲ್ಲಿ ಬಿಡುಗಡೆ ಮಾಡಿದ ಐಯಾನಿಕ್ 5 ಎನ್ ಎಂಬ ವಿದ್ಯುತ್ ಕಾರಿನಲ್ಲಿ ಇಲ್ಲದ ಗೇರ್ ಬದಲಾದಂತೆ ನಟಿಸುವ, ಎಂಜಿನ್ನಿನ ಸದ್ದನ್ನೂ ಕೇಳಿಸುವ ಸೌಲಭ್ಯವಿದೆ.

ಘಾಟಿ ಇಳಿಯುವಾಗ ಎಂಜಿನ್ ಬ್ರೇಕಿಂಗ್‌ನ ಕೆಲಸವನ್ನು ಇಂಥ ಕಾರುಗಳಲ್ಲಿ ಮೋಟಾರೇ ಮಾಡುತ್ತದೆ. ಚಕ್ರದ ವೇಗವನ್ನು ತಡೆಯುತ್ತಾ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಹಲವು ಮಾದರಿಗಳಲ್ಲಿ ಈ ತಡೆ ಎಷ್ಟಿರಬೇಕೆಂಬುದನ್ನು ಸ್ಟೀರಿಂಗ್ ಹಿಂದಿನ ಪುಟ್ಟ ಪ್ಯಾಡಲ್ ಒತ್ತಿ ಚಾಲಕನೇ ನಿರ್ಧರಿಸಬಹುದು. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಅದರಲ್ಲಿ ಇನ್ನಷ್ಟು ವಿದ್ಯುತ್ತಿಗೆ ಜಾಗವಿರುವುದಿಲ್ಲ. ಘಟ್ಟದ ಮೇಲಿನ ಊರಿನಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಲು ಹೊರಟವರಿಗೆ ಮೊದಲ ಕೆಲವು ತಿರುವುಗಳಲ್ಲಿ ಈ ಹಿಡಿತ ಕಡಿಮೆ ಸಿಗುವುದರಿಂದ, ಹೊರಡುವ ಮುನ್ನ ಬ್ಯಾಟರಿಯಲ್ಲಿ ಸ್ವಲ್ಪ ಜಾಗ ಉಳಿಸಿಕೊಳ್ಳುವುದು ಒಳಿತು.