ಕಲ್ಕತ್ತೆಯಲ್ಲಿ ವೈದ್ಯ ಮತ್ತು ವಿಜ್ಞಾನಿ: ಮಹೇಂದ್ರಲಾಲ್ ಸರ್ಕಾರ್, ಫಾದರ್ ಲಫೋಂ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ವೈದ್ಯರೂ ವಿಜ್ಞಾನಿಗಳೂ ಒಂದೇ ಸಭೆಯಲ್ಲಿ ಕುಳಿತು ಚರ್ಚಿಸುವುದು ವಾಡಿಕೆಯಾಗಿದ್ದಿತು. ಅದೇ ಕಾಲದಲ್ಲಿ ಕಲ್ಕತ್ತೆಯಲ್ಲಿ ನಡೆದ ಇಂತಹ ಒಂದು ವಿಚಾರವಿನಿಮಯದಿಂದ ದೇಶಕ್ಕೆ ಒಂದು ಸಂಶೋಧನ ಮಂದಿರವೇ ದೊರೆಯಿತು.

1833ರಲ್ಲಿ ಜನಿಸಿದ ಮಹೇಂದ್ರಲಾಲ್ ಸರ್ಕಾರರು 1863ರಲ್ಲಿ ಕಲ್ಕತ್ತೆಯಲ್ಲಿ ಎಂ.ಡಿ. ಪದವಿ ಪಡೆದರು. 1867ರಲ್ಲಿ ಬ್ರಿಟಿಷ್ ವೈದ್ಯ ಸಂಘದ ಬಂಗಾಳ ಶಾಖೆಯ ಮುಂದೆ ಅವರು ಪ್ರಚಲಿತ ವೈದ್ಯದ ಅನಿಶ್ಚಿತತೆಯನ್ನು ವಿವರಿಸಿ ಹೋಮಿಯೋಪಥಿಯನ್ನು ಸಮರ್ಥಿಸಿದರು. ಸಹೋದ್ಯೋಗಿಗಳು ಅವರನ್ನು ದೂರವಿಟ್ಟರು. ಅವರು ಅವಲಂಬಿಸಿದ ಆ ಪದ್ಧತಿ ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಆದರೆ ಔಷಧವೊಂದು ಗುಣಕಾರಿಯೆಂಬುದಕ್ಕೆ ಪ್ರಮಾಣವೇನು ಎಂಬ ಅವರ ಪ್ರಶ್ನೆ ನಿಂತಿತು. ಪ್ರಯೋಗಜ್ಞಾನವಿಲ್ಲದ ವೈದ್ಯನು ಆ ಪ್ರಶ್ನೆಗೆ ಉತ್ತರ ಹೇಳಲಾರನು. ಭಾರತೀಯರು ತಾವೇ ವಿಜ್ಞಾನವನ್ನು ಬೆಳೆಸುವ ಸಂಸ್ಥೆಯೊಂದು ಬೇಕೆಂದು 1869ರಲ್ಲಿ ಅವರು ತಮ್ಮ ವೈದ್ಯಪತ್ರಿಕೆಯಲ್ಲಿಯೇ ಬರೆದರು.

ಈ ಕಾರ್ಯದಲ್ಲಿ ಅವರಿಗೆ ನೆರವಾದವರು ಸೇಂಟ್ ಝೇವಿಯರ್ಸ್ ಕಾಲೇಜಿನ ಭೌತಶಾಸ್ತ್ರ ಅಧ್ಯಾಪಕರಾದ ಬೆಲ್ಜಿಯಂ ದೇಶದ ಜೆಸ್ಯೂಟ್ ಪಾದ್ರಿ ಯುಜೀನ್ ಲಫೋಂ. 1865ರಲ್ಲಿ ಕಲ್ಕತ್ತೆಗೆ ಬಂದ ಇವರು ಉಪಕರಣಗಳ ಮೂಲಕ ಪ್ರಯೋಗಗಳನ್ನು ಮಾಡಿ ತೋರಿಸುತ್ತ ಜನಸಾಮಾನ್ಯರಿಗೂ ಉಪನ್ಯಾಸ ನೀಡುತ್ತಿದ್ದರು. ಜಗದೀಶಚಂದ್ರ ಬೋಸರು ಇವರ ಶಿಷ್ಯರು.

ಸಂಸ್ಥೆಯ ಸ್ವರೂಪವನ್ನು ಕುರಿತು ತೀವ್ರವಾದ ವಾದವೆದ್ದಿತು. ಬಡದೇಶಕ್ಕೆ ಕೈಕಸಬು ಕಲಿಸುವ ಶಾಲೆಯೇ ಸಾಕೆಂದು ಇಂಡಿಯನ್ ಲೀಗಿನವರು ಹಟ ಹಿಡಿದರು. ಮೂಲವಿಜ್ಞಾನವಿಲ್ಲದೆ ಕಸಬು ಅನುಕರಣೆಯಾಗಿಯೇ ಉಳಿಯುವುದೆಂಬುದು ಸರ್ಕಾರರ ನಿಲುವು. ಲಫೋಂ ಅವರ ಪಕ್ಷವನ್ನು ವಹಿಸಿದರು. ಕೊನೆಗೆ 1876ರ ಜುಲೈ 29ರಂದು ಭಾರತವರ್ಷೀಯ ವಿಜ್ಞಾನ ಸಭೆ ಬೌಬಜಾರಿನಲ್ಲಿ ಆರಂಭವಾಯಿತು. ವೈದ್ಯರೂ ಪಾದ್ರಿಯೂ ಅಲ್ಲಿ ಭೌತಶಾಸ್ತ್ರವನ್ನು ಕುರಿತು ಉಪನ್ಯಾಸ ಮಾಡಿದರು. ವಿಜಯನಗರಂ ಮಹಾರಾಜರ ದಾನದಿಂದ ಪ್ರಯೋಗಶಾಲೆಯೂ ನಿರ್ಮಾಣವಾಯಿತು. ಆದರೆ ಪೂರ್ಣಕಾಲ ಸಂಶೋಧನೆ ನಡೆಸುವ ಪ್ರಾಧ್ಯಾಪಕರನ್ನು ನೇಮಿಸುವಷ್ಟು ಧನ ಸಂಗ್ರಹವಾಗಲಿಲ್ಲ. ಆ ಕೊರಗಿನೊಡನೆಯೇ ಸರ್ಕಾರರು 1904ರಲ್ಲಿ ತೀರಿಕೊಂಡರು, ಲಫೋಂ 1908ರಲ್ಲಿ.

1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ ತರುಣ ಸಿ.ವಿ. ರಾಮನ್ನರಿಗೆ, ಸಭೆಯ ಕಾರ್ಯದರ್ಶಿಯಾಗಿದ್ದ ಸರ್ಕಾರರ ಪುತ್ರ ಅಮೃತಲಾಲರು ಅಲ್ಲಿ ಕೆಲಸ ಮಾಡಲು ಅವಕಾಶವಿತ್ತರು. ರಾಮನ್ನರು ಕಚೇರಿಗೆ ಮುನ್ನವೂ ಅನಂತರವೂ ಅಲ್ಲಿ ಪ್ರಯೋಗ ನಡೆಸಿದರು. 1928ರಲ್ಲಿ ಅದೇ ಮನೆಯಲ್ಲಿ ಬೆಳಕಿನ ಚದರಿಕೆಯ ಹೊಸ ಪರಿಣಾಮ ಕಂಡುಬಂದು, 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಹೋದರು.

ಬೌಬಜಾರಿನಲ್ಲಿ ಬಡಗಿಯ ಶಾಲೆಯೊಂದೇ ಎದ್ದಿದ್ದರೆ ಆ ತರುಣ ಅಧಿಕಾರಿಗೆ ಅಲ್ಲಿ ಪ್ರಯೋಗದ ಮೇಜು ಸಿಕ್ಕುತ್ತಿರಲಿಲ್ಲ. ಲಾಭವನ್ನು ಲೆಕ್ಕಿಸದೆ ವೈದ್ಯನೊಬ್ಬನು ಹಿಡಿದ ಹಟದ ಫಲ, ಅವನ ಮರಣದ 24 ವರ್ಷಗಳ ಬಳಿಕ ಕೈಸೇರಿತು.