ಬಡಿತ ನಿಲ್ಲಿಸದೆ ಹೃದಯದೊಳಗೆ ಇಣುಕಿದ ಕತೆ

ಮನುಷ್ಯನ ಹೃದಯ ಬಡಿಯತೊಡಗುವುದು ಗರ್ಭ ಕಟ್ಟಿದ ಮೂರನೇ ವಾರ ಮುಗಿಯುವ ಹೊತ್ತಿಗೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದು ಆಗಿನ್ನೂ ತಿಳಿದಿರುವುದಿಲ್ಲ. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ದೋಷ ಇರುತ್ತದೆ. ಅದು ಶುರುವಾಗುವುದು ಹೆಚ್ಚಾಗಿ ಈ ಮೊದಲ ವಾರಗಳಲ್ಲೇ. ಆದರೆ ತಾಯಿಯ ಗರ್ಭದೊಳಗೆ ಆ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡಲು ದಾರಿಯೇ ಇರಲಿಲ್ಲ.

2007ರಲ್ಲಿ ಜಪಾನಿನ ಶಿನ್ಯಾ ಯಮನಾಕ ಮನುಷ್ಯನ ಚರ್ಮದ ಕೋಶಗಳನ್ನು, ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಕಾಂಡಕೋಶಗಳ ಸ್ಥಿತಿಗೆ ಮರಳಿಸಿದರು. ಅಂಥ ಕೋಶಗಳಿಂದ ಏನನ್ನು ಬೆಳೆಸಬಹುದು ಎಂಬ ಹುಡುಕಾಟ ಅಲ್ಲಿಂದ ಬಿರುಸಾಯಿತು. 2021ರಲ್ಲಿ ವಿಯೆನ್ನಾದ ಸಾಶಾ ಮೆಂಡ್ಯಾನ್ ತಂಡ ಮತ್ತು ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಐತೋರ್ ಅಗಿರ್ರೆ ತಂಡ ಬೇರೆಬೇರೆಯಾಗಿ ಪುಟ್ಟ ಹೃದಯಗಳನ್ನು ಬೆಳೆಸಿ ತೋರಿಸಿದವು.

ಅಗಿರ್ರೆ ತಂಡ ಗುಂಡುತಳದ ಪುಟ್ಟ ಗುಳಿಗಳಲ್ಲಿ ತಲಾ 10,000 ಕಾಂಡಕೋಶಗಳನ್ನು ಹಾಕಿತು. ಭ್ರೂಣದಲ್ಲಿ ಹೃದಯ ರೂಪಿಸುವ 'ವಿಂಟ್' ಎಂಬ ಸಂಕೇತವನ್ನು ರಾಸಾಯನಿಕಗಳಿಂದ ಒಮ್ಮೆ ಚುರುಕುಗೊಳಿಸಿ, ಆಮೇಲೆ ತಡೆದು, ಏಳನೇ ದಿನ ಮತ್ತೆ ಚುರುಕುಗೊಳಿಸಿತು. ಉಳಿದದ್ದನ್ನೆಲ್ಲ ಕೋಶಗಳೇ ಮಾಡಿಕೊಂಡವು. ಒಂದು ವಾರದ ಆಸುಪಾಸಿನಲ್ಲಿ ರಾಗಿಕಾಳಿಗಿಂತ ದೊಡ್ಡದಲ್ಲದ ಆ ಉಂಡೆಗಳು ತಾವಾಗಿಯೇ ಮಿಡಿಯತೊಡಗಿದವು. ಇವೇ ಹೃದಯದ ಆರ್ಗನಾಯ್ಡ್‌ಗಳು.

ಹೊರಗಿನ ಮಿಡಿತವೇನೋ ಕಂಡಿತು. ಆದರೆ ಒಳಗೆ ಕೋಣೆಗಳು ಮೂಡಿವೆಯೇ? ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಈ ಉಂಡೆ ಒಂದು ಕಪ್ಪು ಚುಕ್ಕೆ. ಒಳಗನ್ನು ನೋಡಬೇಕೆಂದರೆ ಅದನ್ನು ಕೊಂದು, ಬಣ್ಣ ಹಾಕಿ, ತೆಳುವಾಗಿ ಕೊಯ್ಯಬೇಕು. ಹಾಗೆ ಮಾಡಿದರೆ ಇಂದು ನೋಡಿದ ಹೃದಯ ನಾಳೆಗೆ ಉಳಿಯುವುದಿಲ್ಲ. ಬೆಳವಣಿಗೆಯ ಕತೆಯನ್ನು ಬೇರೆಬೇರೆ ಉಂಡೆಗಳ ಚಿತ್ರಗಳಿಂದ ಊಹಿಸಿಕೊಳ್ಳಬೇಕಿತ್ತು.

ಇದಕ್ಕೆ ಪರಿಹಾರ ಕಣ್ಣಿನ ಆಸ್ಪತ್ರೆಯ ಯಂತ್ರದಲ್ಲಿತ್ತು. ಸಕ್ಕರೆ ಕಾಯಿಲೆಯವರ ರೆಟಿನಾ ಪರೀಕ್ಷೆಗೆ ನಮ್ಮಲ್ಲೂ ಬಳಸುವ ಓಸಿಟಿ ಸ್ಕ್ಯಾನ್ ಅದು. 1991ರಲ್ಲಿ ಎಂಐಟಿಯ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದಾಗ ರೆಟಿನಾದ ಜೊತೆಗೆ ಹೃದಯದ ರಕ್ತನಾಳವನ್ನೂ ಸ್ಕ್ಯಾನ್ ಮಾಡಿ ತೋರಿಸಿದ್ದರು. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಒಂದು ಪಾಲು ಅಂಗಾಂಶದೊಳಗೆ ಹೋಗಿ ಪದರಪದರಕ್ಕೂ ತಾಗಿ ಹಿಂದಿರುಗುತ್ತದೆ. ಇನ್ನೊಂದು ಪಾಲು ಕನ್ನಡಿಗೆ ತಾಗಿ ಬರುತ್ತದೆ. ಎರಡೂ ಸೇರಿದಾಗ ಮೂಡುವ ವಿನ್ಯಾಸದಿಂದ ಯಾವ ಪದರ ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ. ಕೊಯ್ಯುವುದೂ ಬೇಡ, ಬಣ್ಣವೂ ಬೇಡ.

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಚಾವೊ ಝೌ ತಂಡ ಇಂಥ ಯಂತ್ರವನ್ನು ಈ ಕೆಲಸಕ್ಕೆಂದೇ ಒಗ್ಗಿಸಿ, ಅಗಿರ್ರೆ ತಂಡದ ಜೊತೆಗೂಡಿ ಪುಟ್ಟ ಹೃದಯಗಳನ್ನು ಬದುಕಿರುವಂತೆಯೇ ಸ್ಕ್ಯಾನ್ ಮಾಡಿತು. 2022ರಲ್ಲಿ ಪ್ರಕಟವಾದ ಫಲಿತಾಂಶ ಬೆರಗಿನದು: ನಾಲ್ಕನೇ ದಿನಕ್ಕಾಗಲೇ ಒಳಗೆ ಸಣ್ಣದೊಡ್ಡ ಟೊಳ್ಳುಗಳು ಮೂಡಿದ್ದವು, ಅವುಗಳ ನಡುವೆ ಸಂಪರ್ಕವೂ ಏರ್ಪಟ್ಟಿತ್ತು. ಅಂದರೆ ಮಿಡಿತಕ್ಕೂ ಮೊದಲೇ ಕೋಣೆಗಳ ಕೆಲಸ ಶುರುವಾಗಿತ್ತು.

ಈ ಪುಟ್ಟ ಹೃದಯಗಳು ಇನ್ನೊಂದು ಪಾಠವನ್ನೂ ಕಲಿಸಿವೆ. ಗರ್ಭ ಧರಿಸುವ ಮೊದಲೇ ಮಧುಮೇಹವಿರುವ ತಾಯಿಯ ರಕ್ತದಂತೆ ಸಕ್ಕರೆ, ಇನ್ಸುಲಿನ್ ಹೆಚ್ಚಿಸಿದ ದ್ರವದಲ್ಲಿ ಬೆಳೆಸಿದವು ಉಳಿದವಕ್ಕಿಂತ ದೊಡ್ಡದಾಗಿ ಬೆಳೆದವು, ಅವುಗಳ ಮಿಡಿತದ ಲಯವೂ ತಪ್ಪಿತು. ಹೃದಯ ಅಷ್ಟು ಬೇಗ ರೂಪುಗೊಳ್ಳುವುದರಿಂದ, ಮಧುಮೇಹವಿರುವ ಹೆಣ್ಣುಮಕ್ಕಳು ಬಸುರಿ ಎಂದು ತಿಳಿದ ಮೇಲಲ್ಲ, ಮಗು ಬೇಕೆಂದುಕೊಂಡಾಗಲೇ ವೈದ್ಯರನ್ನು ಕಂಡು ಸಕ್ಕರೆಯನ್ನು ಹತೋಟಿಗೆ ತಂದುಕೊಳ್ಳಬೇಕು.