ಆಕಳ ಹೊಟ್ಟೆ ಸೇರಿದ ತಂತಿ

ನಿನ್ನೆ ಸಂಜೆಯವರೆಗೆ ಚೆನ್ನಾಗಿ ಹಿಂಡುತ್ತಿದ್ದ ಆಕಳು ಬೆಳಗಾಗುವಷ್ಟರಲ್ಲಿ ಹಾಲಿಳಿಸಿ, ಮೇವಿಗೆ ಬಾಯಿ ಹಾಕದೆ ನಿಂತರೆ ನಾವು ಮೊದಲು ಆಡುವ ಮಾತು ದೃಷ್ಟಿ ತಾಗಿತೆಂಬುದು, ಎರಡನೆಯದು ಅಜೀರ್ಣವೆಂಬುದು. ದೃಷ್ಟಿ ತೆಗೆಯಲು ಒಂದು ದಿನ, ಗೊಟ್ಟದಿಂದ ಎಣ್ಣೆ ಹಾಕಲು ಎರಡು ದಿನ ಹೋಗುವುವು. ಕಾರಣ ನುಂಗಿದ ತಂತಿಯಾಗಿದ್ದರೆ, ಆಕಳನ್ನು ಉಳಿಸಿಕೊಳ್ಳಬಹುದಾದ ದಿನಗಳು ಅವೇ.

ಆಡು ತುಟಿಯಿಂದ ಆಯ್ದು ತಿನ್ನುವುದು. ದನವಾದರೋ ನಾಲಗೆಯಿಂದ ಬಳಿದುಕೊಂಡು, ಸರಿಯಾಗಿ ಅಗಿಯದೆ ನುಂಗಿ, ಆಮೇಲೆ ಮೆಲುಕು ಹಾಕುವುದು. ಕಣಿಕೆ, ಹೊಟ್ಟಿನೊಡನೆ ಹೋದ ಮೊಳೆ, ದಬ್ಬಣ, ತಂತಿಯ ತುಂಡು ಜೇನುಹುಟ್ಟಿನಂತಿರುವ ಎರಡನೆಯ ಹೊಟ್ಟೆಯಲ್ಲಿ ತಂಗುವುವು. ಆ ಹೊಟ್ಟೆ ಹಿಂಡಿಕೊಂಡಾಗಲೆಲ್ಲ ಚೂಪು ತುದಿ ಅದರ ಗೋಡೆಯನ್ನು ಚುಚ್ಚುವುದು. ಅದರ ಮುಂದೆ ವಪೆ. ವಪೆಯಾಚೆ ಕೆಲವೇ ಅಂಗುಲಗಳಲ್ಲಿ ಹೃದಯ. ತುಂಬು ಗಬ್ಬದ ಆಕಳಿಗೆ ಕರುವಿನ ಒತ್ತಡವೂ ಸೇರುವುದು.

ಇಂಥ ಆಕಳು ಬೆನ್ನನ್ನು ಕಮಾನಿನಂತೆ ಎತ್ತಿ, ಮುಂಗಾಲಿನ ಮೊಣಕೈಗಳನ್ನು ಹೊರಚಾಚಿ ನಿಲ್ಲುವುದು. ಮೆಲುಕು ನಿಲ್ಲುವುದು. ಇಳಿಜಾರಿನಲ್ಲಿ ಇಳಿಯಲೊಲ್ಲದು, ಮಲಗುವಾಗ, ಸಗಣಿ ಹಾಕುವಾಗ ನರಳುವುದು. ಜ್ವರ 103–104 ಡಿಗ್ರಿಯಷ್ಟಿರಬಹುದು. ಹೆಗಲ ಹಿಂದೆ ಬೆನ್ನಿನ ಚರ್ಮವನ್ನು ಬಿಗಿಯಾಗಿ ಹಿಡಿದೆತ್ತಿದರೆ ಆರೋಗ್ಯವಂತ ಆಕಳು ಬೆನ್ನು ತಗ್ಗಿಸುವುದು. ನೋವಿರುವ ಆಕಳು ತಗ್ಗಿಸದೆ ನರಳುವುದು. ಇಬ್ಬರು ಸೇರಿ ಎದೆಯೆಲುಬಿನ ತುದಿಗೆ ಗಳ ಕೊಟ್ಟು ಮೆಲ್ಲಗೆ ಎತ್ತಿ ಒಮ್ಮೆಲೆ ಬಿಟ್ಟರೂ ಹಾಗೆಯೇ. ಇವೆಲ್ಲ ಸಂಶಯಕ್ಕೆ ಆಧಾರ ಮಾತ್ರ, ನಿರ್ಣಯ ಪಶುವೈದ್ಯರದು. ಲೋಹಶೋಧಕ ಯಂತ್ರ ಒಳಗೆ ಕಬ್ಬಿಣವಿದೆಯೆಂದು ಹೇಳೀತು, ಚುಚ್ಚಿದೆಯೋ ಇಲ್ಲವೋ ಹೇಳದು. ಅದಕ್ಕೆ ಕ್ಷಕಿರಣ, ಸ್ಕ್ಯಾನಿಂಗ್ ಬೇಕು.

ಗಂಗೆದೊಗಲಿಗೆ ನೀರು ತುಂಬಿ, ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿತೆಂದರೆ ತಂತಿ ಹೃದಯದ ಪೊರೆಯನ್ನು ಮುಟ್ಟಿರುವ ಸಂಭವವೇ ಹೆಚ್ಚು. ಆಗ ಆಸೆ ಬಹಳ ಕಡಿಮೆ.

ಮೊದಲ ದಿನಗಳಲ್ಲೇ ತೋರಿಸಿದರೆ ವೈದ್ಯರು ಬಾಯಿಯ ಮೂಲಕ ಅಯಸ್ಕಾಂತ ನುಂಗಿಸಿ, ಔಷಧಿ ಕೊಟ್ಟು, ಮುಂಗಾಲುಗಳು ಗೇಣೆತ್ತರದಲ್ಲಿರುವಂತೆ ನಿಲ್ಲಿಸಿ ಕಟ್ಟಲು ಹೇಳುವರು. ಮೂರು ದಿನದಲ್ಲಿ ಗುಣ ಕಾಣದಿದ್ದರೆ ಎಡಪಕ್ಕೆ ಕೊಯ್ದು, ಹೊಟ್ಟೆಗೆ ಕೈಹಾಕಿ ತಂತಿ ತೆಗೆಯುವುದುಂಟು. ಅಯಸ್ಕಾಂತ ಆಯುಷ್ಯವಿಡೀ ಒಳಗಿದ್ದರೂ ಬಾಧೆಯಿಲ್ಲ. ಅದು ಇದೆಯೋ ಎಂದು ನೋಡಲು ಶಾಲೆಯ ದಿಕ್ಸೂಚಿಯೇ ಸಾಕು: ಎಡ ಮೊಣಕೈಯ ಹಿಂದೆ, ಎದೆಯ ಕೆಳಗೆ ಹಿಡಿದರೆ ಮುಳ್ಳು ತಿರುಗುವುದು. ತಾಮ್ರ, ಅಲ್ಯುಮಿನಿಯಂ ಮಾತ್ರ ಅಯಸ್ಕಾಂತಕ್ಕೆ ಅಂಟವು.

ಮನೆ ಕಟ್ಟಿಸಿದವರು ಸಲಾಕೆ ಬಿಗಿದ ತಂತಿಯ ಚೂರುಗಳನ್ನು ಹಿತ್ತಲಿಗೆ ಚೆಲ್ಲಬಾರದು. ಹಳೆಯ ಟಾಯರನ್ನು ಗೋದಲಿ ಮಾಡಿಕೊಂಡವರು ಅದರ ಅಂಚು ಹರಿದು ತಂತಿ ಇಣುಕಿದೆಯೋ ಈ ಸಂಜೆಯೇ ಕೈಯಾಡಿಸಿ ನೋಡಲಿ.